ಮೊದಲ ಚಿತ್ರದ ಮೋಹ

ಚಿತ್ರ ಮತ್ತು ವಿಡಿಯೊ ತಯಾರಿಸುವ ಎಐ ಟೂಲ್‌ಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ಹೈದರಾಬಾದಿನಲ್ಲಿ ಈಗ ಹವ್ಯಾಸಿಗಳಷ್ಟೇ ಕೇಳುವ ಪ್ರಶ್ನೆಯಾಗಿ ಉಳಿದಿಲ್ಲ. ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್ ಸುತ್ತಲಿನ ಸ್ಟುಡಿಯೊಗಳು, ಮಾದಾಪುರದ ಜಾಹೀರಾತು ಕಚೇರಿಗಳು, ಪತ್ರಿಕೆಗಳ ಕಲಾ ವಿಭಾಗಗಳು, ಮನೆಯಲ್ಲೇ ಕೂತು ಪೋಸ್ಟರು, ಮುಖಪುಟ ಮಾಡಿಕೊಡುವ ಕಲಾವಿದರು, ಎಲ್ಲರಿಗೂ ಇದು ದುಡ್ಡಿನ ಪ್ರಶ್ನೆ. ಇದಕ್ಕೆ ಚಾಲ್ತಿಯಲ್ಲಿರುವ ಉತ್ತರವೂ ಒಂದೇ. ಒಂದೇ ವಾಕ್ಯವನ್ನು, ಎಂದರೆ ಪ್ರಾಂಪ್ಟನ್ನು, ನಾಲ್ಕಾರು ಟೂಲ್‌ಗಳಿಗೆ ಕೊಡಿ, ಬಂದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಯಾವುದು ಕಣ್ಣಿಗೆ ಹೆಚ್ಚು ನಿಜವೆನಿಸುತ್ತದೋ ಅದರ ಚಂದಾ ಕಟ್ಟಿ. ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾರಾಟಗಾರರ ಮಾತು ನಂಬುವುದಕ್ಕಿಂತ ಫಲ ನೋಡಿ ಅಳೆಯುವುದು ಪ್ರಾಮಾಣಿಕ ಕ್ರಮ. ಕಲಾವಿದರಿಗೆ ಕಣ್ಣೇ ಬಂಡವಾಳ. ಛಾಯಾಗ್ರಾಹಕರೂ ಲೆನ್ಸನ್ನು ಪರೀಕ್ಷಾ ಶಾಟ್ ತೆಗೆದೇ ಆರಿಸುತ್ತಾರೆ. 2022ರ ಆಗಸ್ಟಿನಲ್ಲಿ ಸ್ಟೇಬಲ್ ಡಿಫ್ಯೂಷನ್ ಸಾರ್ವಜನಿಕರ ಕೈಗೆ ಬಂದಾಗ ಆರು ಬೆರಳಿನ ಕೈ, ಕರಗಿದ ಮುಖಗಳೇ ಮಾತಿನ ವಿಷಯವಾಗಿದ್ದವು. ಆಗ ಟೂಲ್‌ಗಳ ನಡುವಿನ ವ್ಯತ್ಯಾಸವೆಂದರೆ ಚಿತ್ರದ ಗುಣಮಟ್ಟದ ವ್ಯತ್ಯಾಸವೇ, ಹಾಗಾಗಿ ಕಣ್ಣಿನ ತೀರ್ಪು ಸಾಕಾಗುತ್ತಿತ್ತು. 2025ರ ಮೇನಲ್ಲಿ ಗೂಗಲ್‌ನ ವಿಯೊ 3 ಮಾತು, ಸದ್ದು ಸಮೇತ ವಿಡಿಯೊ ಕೊಡತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ಮುಂಚೂಣಿಯ ಟೂಲ್‌ಗಳೆಲ್ಲ ಮೊದಲ ನೋಟಕ್ಕೆ ಚೆಂದವೇ. ಆದರೂ ಪರೀಕ್ಷೆಯ ಕ್ರಮ ಮಾತ್ರ ಹಳೆಯದೇ ಉಳಿದಿದೆ.

ತೊಡಕಿರುವುದು ‘ಒಳ್ಳೆಯ ಟೂಲ್’ ಎಂಬಲ್ಲಿನ ‘ಒಳ್ಳೆಯ’ದರಲ್ಲಿ. ಮೂರು ಬೇರೆ ಬೇರೆ ಸಂಗತಿಗಳು ಅದರೊಳಗೆ ಕಲಸಿಹೋಗಿವೆ.

1. ನೋಡಿದವರಿಗೆ ಹಿಡಿಸುವ ಚಿತ್ರ ಕೊಡುವುದು.

2. ಇನ್ನೊಬ್ಬರ ಕೈಗೆ ದಾಟಿಸಬಹುದಾದ, ಅವರು ಹೇಳಿದಂತೆ ತಿದ್ದಿ ಮರಳಿಸಬಹುದಾದ ಕೆಲಸ ಕೊಡುವುದು. ಸಿನಿಮಾ, ಜಾಹೀರಾತು, ಪತ್ರಿಕೆ ಮೂರರಲ್ಲೂ ಚಿತ್ರವೊಂದು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುತ್ತಲೇ ಇರುತ್ತದೆ. ಮೊದಲ ಸಲಕ್ಕೇ ಒಪ್ಪಿಗೆಯಾಗುವುದು ಅಪರೂಪ.

3. ಮಾರಬಹುದಾದ, ಹಕ್ಕು ಬರೆದುಕೊಡಬಹುದಾದ ವಸ್ತು ಕೊಡುವುದು.

ಅಕ್ಕಪಕ್ಕ ಇಟ್ಟು ನೋಡುವ ಪರೀಕ್ಷೆ ಅಳೆಯುವುದು ಮೊದಲನೆಯದನ್ನು ಮಾತ್ರ. ಸಂಬಳ, ಬಿಲ್ಲು, ಹೆಸರು ನಿಂತಿರುವುದು ಉಳಿದೆರಡರ ಮೇಲೆ. ಮೊದಲನೆಯದರಲ್ಲಿ ಗೆದ್ದ ಟೂಲ್ ಎರಡನೆಯದರಲ್ಲೂ ಗೆಲ್ಲುತ್ತದೆ ಎಂದುಕೊಳ್ಳಲು ಆಧಾರವೇನೂ ಇಲ್ಲ. ತಾನಾಗಿಯೇ ಚೆಂದ ಮಾಡಿಕೊಡುವ ಟೂಲ್ ತನ್ನ ಇಷ್ಟವನ್ನು ಚಿತ್ರದೊಳಗೆ ತುಂಬಿರುತ್ತದೆ. ನಮ್ಮ ಇಷ್ಟ ನಡೆಸಬೇಕಾದಾಗ ಅದೇ ಅಡ್ಡಿಯಾಗುವುದೂ ಉಂಟು.

ತಿದ್ದುಪಡಿಯ ತೂಕವೆಷ್ಟು ಎಂಬುದಕ್ಕೆ ಹೈದರಾಬಾದಿನ ಸಿನಿಮಾ ಚರಿತ್ರೆಯಲ್ಲೇ ಸಾಕ್ಷಿಯಿದೆ. 2012ರ ತೆಲುಗಿನ ‘ಈಗ’ ಚಿತ್ರದ ನಾಯಕ ಒಂದು ನೊಣ, ಅದನ್ನು ಮಾಡಿದ್ದು ಮಕುಟ ವಿಎಫ್‌ಎಕ್ಸ್. ಮೊದಲು ತಯಾರಾಗಿ ಬಂದ ನೊಣ ನಿರ್ದೇಶಕ ರಾಜಮೌಳಿಯವರಿಗೆ ಹಿಡಿಸಲಿಲ್ಲ. ನೊಣದ ಮುಖದ ಬಹುಭಾಗ ಕಣ್ಣೇ, ಅಲ್ಲಿ ಭಾವ ಮೂಡುವುದಕ್ಕೆ ಜಾಗವೇ ಇರಲಿಲ್ಲ. ಕೋಟಿಗಟ್ಟಲೆ ಖರ್ಚಾಗಿದ್ದ ಯೋಜನೆಯನ್ನೇ ಕೈಬಿಡುವ ಯೋಚನೆ ಬಂದು, ಕೊನೆಗೆ ಹೊಸದಾಗಿ ಶುರುಮಾಡಿದರು. ನಿಜವಾದ ನೊಣವೊಂದನ್ನು ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರು. ಚಳಿಗೆ ಅದು ಕೆಲ ನಿಮಿಷ ಮಂಪರಿಗೆ ಬಿದ್ದಾಗ ತೀರಾ ಹತ್ತಿರದಿಂದ ಫೋಟೊ ತೆಗೆದುಕೊಂಡು, ಅದನ್ನು ಎದುರಿಗಿಟ್ಟುಕೊಂಡು ವಿನ್ಯಾಸವನ್ನು ಮತ್ತೆ ಕಟ್ಟಿದರು. ತೆರೆಯ ಮೇಲೆ ಪ್ರೇಕ್ಷಕರು ಕಂಡದ್ದು ತಿರಸ್ಕಾರದ ಆಚೆಗಿನ ನೊಣವನ್ನು. ಇಲ್ಲಿ ಶ್ರಮದ ಮಹಿಮೆ ಹಾಡುವುದು ನನ್ನ ಉದ್ದೇಶವಲ್ಲ, ಎಐನಿಂದ ಅಂಥ ಶ್ರಮ ಉಳಿಯುವುದಾದರೆ ಉಳಿಯಲಿ. ಗಮನಿಸಬೇಕಾದದ್ದು ಇಷ್ಟೇ: ಆ ನೊಣದ ಕಣ್ಣು, ರೆಕ್ಕೆ, ಕಾಲು, ಅದರ ಮೇಲೆ ಬೀಳುವ ಬೆಳಕು ಎಲ್ಲವೂ ಬೇರೆ ಬೇರೆಯಾಗಿ ಇದ್ದವು. ‘ಇದು ಬೇಡ, ಇನ್ನೊಂದು ಥರ ಬೇಕು’ ಎಂಬ ಮಾತನ್ನು ತಾಳಿಕೊಳ್ಳುವ ಶಕ್ತಿ ಆ ಕೆಲಸದ ಕ್ರಮದಲ್ಲೇ ಇತ್ತು.

ಎಐ ಚಿತ್ರದಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಇದೇ. ಡಿಫ್ಯೂಷನ್ ಮಾದರಿ ಅಡ್ಡಾದಿಡ್ಡಿ ಕಣಗಳ ಒಂದು ಪರದೆಯಿಂದ ಶುರುಮಾಡಿ, ನಾವು ಕೊಟ್ಟ ವಾಕ್ಯದತ್ತ ಎಳೆಯುತ್ತಾ ಹಂತ ಹಂತವಾಗಿ ಆ ಗದ್ದಲವನ್ನು ಕಳೆಯುತ್ತದೆ. ವಾಕ್ಯದ ಪ್ರತಿ ಪದದ ಎಳೆತ ಇಡೀ ಚಿತ್ರದ ಮೇಲೆ ಇರುತ್ತದೆ. ಆದ್ದರಿಂದ ‘ಹಸಿರು ಸೀರೆ’ ಎಂಬುದನ್ನು ‘ಕೆಂಪು ಸೀರೆ’ ಎಂದು ಬದಲಿಸಿದರೆ ಸೀರೆಯ ಜೊತೆ ಹಿಂದಿನ ಕಂಬಗಳ ಸಂಖ್ಯೆಯೂ, ಹೆಂಗಸಿನ ಮೂಗೂ ಬದಲಾಗಬಹುದು. ಸ್ಟುಡಿಯೊದ ಮಾಮೂಲಿ ಕಾಂಪೋಸಿಟಿಂಗ್‌ನಲ್ಲಿ ನೆರಳು ಒಂದು ಪದರ, ಹೊಳಪು ಒಂದು ಪದರ, ಧೂಳು ಒಂದು ಪದರ. ‘ಬಲಗಡೆಯ ನೆರಳು ತುಸು ತಗ್ಗಲಿ, ಉಳಿದದ್ದು ಹಾಗೇ ಇರಲಿ’ ಎಂದು ನಿರ್ದೇಶಕರು ಹೇಳಿದರೆ ಒಂದು ಪದರ ಮುಟ್ಟಿದರಾಯಿತು. ಎಐ ಚಿತ್ರ ಎರಕ ಹೊಯ್ದ ವಿಗ್ರಹದ ಹಾಗೆ, ಬಿಚ್ಚಲು ಕೀಲುಗಳಿಲ್ಲ. ಈ ಕೊರತೆ ತುಂಬಲೆಂದೇ ಉಪಾಯಗಳು ಬಂದಿವೆ. 2023ರ ಕಂಟ್ರೋಲ್‌ನೆಟ್ ಭಂಗಿಯನ್ನೂ ಅಂಚುರೇಖೆಯನ್ನೂ ಹಿಡಿದು ನಿಲ್ಲಿಸುತ್ತದೆ. ಲೋರಾ ಎಂಬ ಕಿರು ತರಬೇತಿಯಿಂದ ಒಂದು ಪಾತ್ರದ ಮುಖವನ್ನು ಮಾದರಿಗೆ ಕಲಿಸಬಹುದು. 2025ರ ಆಗಸ್ಟಿನಲ್ಲಿ ಬಂದ ಗೂಗಲ್‌ನ ನ್ಯಾನೊ ಬನಾನಾ ಸ್ಥಿರಚಿತ್ರದಲ್ಲಿ ಹೇಳಿದ ಭಾಗವನ್ನಷ್ಟೇ ತಿದ್ದುವುದರಲ್ಲಿ ನಿಜಕ್ಕೂ ಒಂದು ಹೆಜ್ಜೆ ಮುಂದೆ ಹೋಯಿತು. ಟೂಲ್ ಆರಿಸುವಾಗ ಹೋಲಿಸಬೇಕಾದದ್ದು ಇವುಗಳನ್ನು. ಮೊದಲ ಚಿತ್ರಕ್ಕೆ ನೂರಕ್ಕೆ ಎಂಬತ್ತು ಅಂಕ ಪಡೆದು ಐದನೇ ತಿದ್ದುಪಡಿಯಲ್ಲೂ ಮುಖ ಕಳೆದುಕೊಳ್ಳದ ಟೂಲ್, ಮೊದಲಿಗೆ ತೊಂಬತ್ತೈದು ಪಡೆದು ಎರಡನೆಯದಕ್ಕೇ ಬೇರೆ ಹೆಂಗಸನ್ನು ತಂದು ನಿಲ್ಲಿಸುವ ಟೂಲಿಗಿಂತ ವೃತ್ತಿಗೆ ಎಷ್ಟೋ ಮೇಲು.

ಫೋನಿನ ಪರದೆಯಲ್ಲಿ ಕಾಣದ ಇನ್ನೊಂದು ಗುಣವಿದೆ, ಅದು ಫೈಲಿನ ಹೊಟ್ಟೆಯೊಳಗಿನದು. ಸಿನಿಮಾ ವಿಎಫ್‌ಎಕ್ಸ್ ವಿಭಾಗಗಳು ಸಾಮಾನ್ಯವಾಗಿ 16 ಬಿಟ್‌ನ ಇಎಕ್ಸ್‌ಆರ್ ಫೈಲುಗಳಲ್ಲಿ ಕೆಲಸ ಮಾಡುತ್ತವೆ. ವಿಡಿಯೊ ಎಐಗಳು ಹೆಚ್ಚಾಗಿ ಕೊಡುವುದು 8 ಬಿಟ್‌ನ, ಒತ್ತಿ ಕುಗ್ಗಿಸಿದ ಎಂಪಿ4. ಅಂದರೆ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು ಮಾತ್ರ. ಗೋಲ್ಕೊಂಡಾದ ಮೇಲಿನ ಸಂಜೆಯ ಆಕಾಶವನ್ನು ಹೀಗೆ ತಯಾರಿಸಿದರೆ ಫೋನಿನಲ್ಲಿ ನೋಡುವಾಗ ಏನೂ ತೊಂದರೆಯಿಲ್ಲ. ಬಣ್ಣ ಹೊಂದಿಸುವ ಗ್ರೇಡಿಂಗ್ ಕೋಣೆಯಲ್ಲಿ ಅದನ್ನು ಪಕ್ಕದ ಶಾಟ್‌ಗೆ ಹೊಂದಿಸಲು ತುಸು ಕತ್ತಲು ಮಾಡಿದೊಡನೆ ಕಿತ್ತಳೆಯಿಂದ ನೀಲಿಗೆ ಇಳಿಯುವ ನಯವಾದ ಜಾರು ಒಡೆದು ಪಟ್ಟೆ ಪಟ್ಟೆಯಾಗುತ್ತದೆ. ದೊಡ್ಡ ತೆರೆಯಲ್ಲಿ ಆ ಪಟ್ಟೆ ಯಾರಿಗಾದರೂ ಕಾಣುತ್ತದೆ. 2025ರ ಸೆಪ್ಟೆಂಬರಿನಲ್ಲಿ ಲೂಮಾ ಕಂಪನಿಯ ರೇ3 ಮಾದರಿ 16 ಬಿಟ್ ಇಎಕ್ಸ್‌ಆರ್ ಕೊಡತೊಡಗಿತು. ವೃತ್ತಿಯವರ ಕಷ್ಟ ಯಾರೋ ಒಬ್ಬರ ಕಿವಿಗಾದರೂ ಬಿದ್ದಿದೆ ಎನ್ನಬೇಕು. ಆದರೆ ಅಕ್ಕಪಕ್ಕದ ಹೋಲಿಕೆಯಲ್ಲಿ ಈ ಗುಣಕ್ಕೆ ಒಂದಂಕವೂ ಸಿಗದು, ಏಕೆಂದರೆ ಆ ಹೋಲಿಕೆ ನಡೆಯುವುದೇ ಫೋನಿನಲ್ಲಿ.

ಅಕ್ಕಪಕ್ಕದ ಹೋಲಿಕೆಯನ್ನೇ ನಂಬುವವರು ತಮ್ಮ ಪರವಾಗಿ ತೋರಿಸಬಹುದಾದ ಬಲವಾದ ಉದಾಹರಣೆ ಕನ್ನಡದ್ದೇ ಇದೆ. ಬೆಂಗಳೂರಿನ ಬಗಲಗುಂಟೆಯ ಆಂಜನೇಯ ದೇವಸ್ಥಾನದ ಅರ್ಚಕರಾದ ನರಸಿಂಹಮೂರ್ತಿಯವರು ಪೂರ್ತಿ ಎಐನಲ್ಲೇ ಮಾಡಿಸಿದ ‘ಲವ್ ಯೂ’ ಚಿತ್ರ 2025ರಲ್ಲಿ ಬಂತು. ಖರ್ಚು ಸುಮಾರು 10 ಲಕ್ಷ ರೂಪಾಯಿ ಎಂದು ಅವರು ಹೇಳಿದ್ದಾರೆ. ಸೆನ್ಸಾರ್ ಮಂಡಳಿಯಿಂದ ಯು/ಎ ಪ್ರಮಾಣಪತ್ರವೂ ಸಿಕ್ಕಿತು. ತಾರೆಯರಿಲ್ಲದೆ, ಕ್ಯಾಮೆರಾ ಇಲ್ಲದೆ ಇಷ್ಟಾಯಿತಲ್ಲ, ಹಾಗಿದ್ದ ಮೇಲೆ ಒಳ್ಳೆಯ ಟೂಲ್ ಹಿಡಿದರೆ ಸಾಲದೇ ಎಂದು ಕೇಳಬಹುದು. ಆದರೆ ಅಲ್ಲಿ ಒಂದು ‘ಅತ್ಯುತ್ತಮ’ ಟೂಲ್ ಇರಲೇ ಇಲ್ಲ. ಇಪ್ಪತ್ತರಿಂದ ಮೂವತ್ತು ಟೂಲ್‌ಗಳನ್ನು ಕೂಡಿಸಿ ಮಾಡಿದ ಕೆಲಸ ಅದು. ಪಾತ್ರಗಳ ಚಹರೆ ದೃಶ್ಯದಿಂದ ದೃಶ್ಯಕ್ಕೆ ಒಂದೇ ಥರ ನಿಲ್ಲದ್ದು, ಕೆಲಸ ಮುಗಿಯುವ ಹೊತ್ತಿಗೆ ಶುರುವಿನಲ್ಲಿ ಬಳಸಿದ ತಂತ್ರಜ್ಞಾನ ಹಳತಾಗಿಹೋದದ್ದು, ಎರಡೂ ಅದರ ಮಿತಿಗಳೆಂದು ಮಾಡಿದವರೇ ಒಪ್ಪಿಕೊಂಡರು. ಈ ಸಾಹಸಕ್ಕೆ ನನ್ನ ಮೆಚ್ಚುಗೆಯಿದೆ. ಅದು ಹೇಳುವ ಪಾಠ ಮಾತ್ರ ಬೇರೆ: ಟೂಲ್ ಆಯ್ಕೆಯೆಂದರೆ ಆರು ತಿಂಗಳೊಳಗೆ ಬದಲಾಗಲಿರುವ, ಟೂಲ್‌ಗಳ ಒಂದು ಸರಪಳಿಯ ಆಯ್ಕೆ, ಒಂದು ಬಿಡಿ ವಸ್ತುವಿನದಲ್ಲ. ಆ ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದದ್ದು ನಿಲ್ಲುತ್ತದೆಯೇ ಎಂಬುದು ಮುಖ್ಯ. ಬೇರೆಯವರ ಸರ್ವರಿನಲ್ಲಿರುವ ಮಾದರಿಯನ್ನು ಅವರು ಬದಲಿಸಿದ ದಿನ, ನಿಮ್ಮ ಹಳೆಯ ಪ್ರಾಂಪ್ಟಿಗೆ ಹಳೆಯ ಚಿತ್ರ ಮರಳಿ ಬರುವುದಿಲ್ಲ. ಸ್ಟೇಬಲ್ ಡಿಫ್ಯೂಷನ್, ಅಲಿಬಾಬಾದ ವಾನ್ ಮುಂತಾದ ಇಳಿಸಿಕೊಳ್ಳಬಹುದಾದ ಮಾದರಿಗಳ ಬೆಲೆ ಇಲ್ಲಿದೆ. ಸೀರಿಯಲ್ಲಿನ ನೂರನೇ ಕಂತಿಗೂ ಮೊದಲ ಕಂತಿನ ಅದೇ ಮಾದರಿ ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಇರುತ್ತದೆ. ಅದಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡೂ, ಅದನ್ನು ಸಂಭಾಳಿಸಬಲ್ಲವರೂ ಬೇಕು, ನಿಜ. ಪರವಾನಗಿಯನ್ನೂ ಓದಬೇಕು. ಫ್ಲಕ್ಸ್ ಎಂಬ ಚಿತ್ರ ಮಾದರಿಯ ಮೊದಲ ತಲೆಮಾರಿನಲ್ಲಿ ಶ್ನೆಲ್ ಎಂಬುದನ್ನು ವ್ಯಾಪಾರಕ್ಕೆ ಧಾರಾಳವಾಗಿ ಬಳಸಬಹುದಿತ್ತು, ಅದೇ ಮನೆತನದ ಡೆವ್ ಎಂಬುದರ ಪರವಾನಗಿ ವ್ಯಾಪಾರಕ್ಕಲ್ಲದ ಬಳಕೆಯದು.

ತುಣುಕಿನ ಬೆಲೆ ಮಾತ್ರ ನೋಡಿದರೆ ಅಗ್ಗ, ದುಬಾರಿ ಎಂಬ ಲೆಕ್ಕವೂ ಹಾದಿ ತಪ್ಪುತ್ತದೆ. ಒಂದು ಟೂಲ್ ಎಂಟು ಸೆಕೆಂಡಿನ ತುಣುಕಿಗೆ 100 ರೂಪಾಯಿ, ಇನ್ನೊಂದು 250 ರೂಪಾಯಿ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಹತ್ತಕ್ಕೊಂದು, ಎರಡನೆಯದರಲ್ಲಿ ಎರಡಕ್ಕೊಂದು ಒಪ್ಪಿಗೆಯಾದರೆ, ಒಪ್ಪಿಗೆಯಾದ ತುಣುಕಿಗೆ ತಗಲಿದ್ದು ಕ್ರಮವಾಗಿ 1,000 ಮತ್ತು 500 ರೂಪಾಯಿ. ಕೂತು ನೋಡಿ ತಿರಸ್ಕರಿಸಿದವರ ಸಂಬಳ ಇದರಲ್ಲಿ ಇನ್ನೂ ಸೇರಿಲ್ಲ.

ಇನ್ನು ಮೂರನೆಯ ಅರ್ಥ, ಮಾರಬಹುದಾದ ವಸ್ತು. 2025ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್, ಅರ್ಜೆಂಟೀನಾದ ‘ಎಲ್ ಎಟರ್ನೌಟಾ’ ಸರಣಿಯಲ್ಲಿ ಕಟ್ಟಡ ಕುಸಿಯುವ ದೃಶ್ಯವನ್ನು ಎಐನಿಂದ ಹತ್ತು ಪಟ್ಟು ವೇಗವಾಗಿ ಮಾಡಿದೆವು ಎಂದಿತು. ಮರುತಿಂಗಳು ಅದೇ ಕಂಪನಿ ತನಗೆ ಕೆಲಸ ಮಾಡಿಕೊಡುವವರಿಗೆ ಎಐ ಬಳಕೆಯ ನಿಯಮ ಪ್ರಕಟಿಸಿತು. ಬೇರೆಯವರ ಹಕ್ಕಿನ ಕೃತಿಯನ್ನು ಹೋಲುವ ಫಲ ಬರಬಾರದು, ನಿರ್ಮಾಣದ ಸಾಮಗ್ರಿಯನ್ನು ಟೂಲ್ ಇಟ್ಟುಕೊಂಡು ತರಬೇತಿಗೆ ಬಳಸಬಾರದು, ನಟರ ಅಭಿನಯವನ್ನು ಒಪ್ಪಿಗೆಯಿಲ್ಲದೆ ಬದಲಿಸಬಾರದು ಇತ್ಯಾದಿ. ನೆಟ್‌ಫ್ಲಿಕ್ಸ್‌ನದೇ ಆದ ವಿಎಫ್‌ಎಕ್ಸ್ ಸಂಸ್ಥೆ ಐಲೈನ್‌ಗೆ ಹೈದರಾಬಾದಿನಲ್ಲಿ ಶಾಖೆಯಿದೆ. ಹೊರದೇಶದ ಕೆಲಸ ನಂಬಿರುವ ಇಲ್ಲಿನ ಇತರ ಸ್ಟುಡಿಯೊಗಳಿಗೂ ಇಂಥ ಷರತ್ತುಗಳು ಹೊಸತಲ್ಲ. ಇವುಗಳಲ್ಲಿ ಒಂದಾದರೂ ಚಿತ್ರ ಎಷ್ಟು ಚೆಂದ ಎಂಬುದರ ಬಗ್ಗೆ ಇಲ್ಲ. ಚೆಂದಕ್ಕೆ ಹೆಸರಾದ ಮಿಡ್‌ಜರ್ನಿಯ ಮೇಲೆ 2025ರ ಜೂನ್‌ನಲ್ಲಿ ಡಿಸ್ನಿ ಮತ್ತು ಯೂನಿವರ್ಸಲ್ ಕೃತಿಸ್ವಾಮ್ಯದ ದಾವೆ ಹೂಡಿದವು. ಅಡೋಬಿ ತನ್ನ ಫೈರ್‌ಫ್ಲೈಗೆ ಹಕ್ಕು ಪಡೆದ ಇಲ್ಲವೇ ಹಕ್ಕಿನ ಅವಧಿ ಮುಗಿದ ಚಿತ್ರಗಳಿಂದಲೇ ತರಬೇತಿ ಎನ್ನುತ್ತದೆ, ದೊಡ್ಡ ಗ್ರಾಹಕರಿಗೆ ದಾವೆಯಾದರೆ ಹೊಣೆ ಹೊರುವ ಭರವಸೆಯನ್ನೂ ಕೊಡುತ್ತದೆ. ಆ ಚಿತ್ರಗಳ ನಡುವೆ ಬೇರೆ ಎಐಗಳು ಮಾಡಿದವೂ ಒಂದಿಷ್ಟು ಸೇರಿದ್ದವು ಎಂಬುದು 2024ರಲ್ಲಿ ಹೊರಬಿತ್ತು, ಅದು ಬೇರೆ ಮಾತು. ಇನ್ನು, ಬಂದ ಚಿತ್ರ ಯಾರದ್ದು? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ, 1994ರ ತಿದ್ದುಪಡಿಯ ನಂತರ, ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದು ಹುಟ್ಟಲು ಕಾರಣವಾದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಪ್ರಾಂಪ್ಟ್ ಬರೆದವರು ಆ ವ್ಯಕ್ತಿಯೋ, ಮಾದರಿ ಕಟ್ಟಿದವರೋ ಎಂದು ಕಾಯ್ದೆ ಬಿಡಿಸಿ ಹೇಳಿಲ್ಲ. ಅಮೆರಿಕದ ಕೃತಿಸ್ವಾಮ್ಯ ಕಚೇರಿ 2023ರ ಫೆಬ್ರವರಿಯಲ್ಲಿ ‘ಜರ್ಯಾ ಆಫ್ ದ ಡಾನ್’ ಎಂಬ ಕಾಮಿಕ್ಸ್ ಪುಸ್ತಕದ ಬರಹಕ್ಕೂ ಜೋಡಣೆಗೂ ರಕ್ಷಣೆ ಕೊಟ್ಟು, ಮಿಡ್‌ಜರ್ನಿಯ ಚಿತ್ರಗಳಿಗೆ ಕೊಡಲಿಲ್ಲ. ಮನುಷ್ಯರ ಕೈ ಎಲ್ಲೆಲ್ಲಿ ಆಡಿತು ಎಂಬುದನ್ನು ತೋರಿಸಬಲ್ಲ ಟೂಲಿಗೆ, ಎಂದರೆ ಹಂತಗಳನ್ನೂ ಮೂಲ ರೇಖಾಚಿತ್ರಗಳನ್ನೂ ಉಳಿಸಿಕೊಡುವ ಟೂಲಿಗೆ, ಇದರಿಂದಲೇ ಬೆಲೆ ಬರುತ್ತದೆ. ಮುಖಗಳ ವಿಷಯದಲ್ಲಂತೂ ಊರೇ ಎಚ್ಚರವಾಗಿದೆ. 2025ರ ಸೆಪ್ಟೆಂಬರಿನಲ್ಲಿ ತೆಲುಗು ನಟರಾದ ನಾಗಾರ್ಜುನ ದೆಹಲಿ ಹೈಕೋರ್ಟಿನಿಂದಲೂ, ಚಿರಂಜೀವಿ ಹೈದರಾಬಾದಿನ ಸಿಟಿ ಸಿವಿಲ್ ಕೋರ್ಟಿನಿಂದಲೂ ತಮ್ಮ ರೂಪ, ಹೆಸರಿನ ದುರ್ಬಳಕೆಯ ವಿರುದ್ಧ ಆದೇಶ ಪಡೆದರು.

ಪತ್ರಿಕೆಗೆ ಚಿತ್ರ ಮಾಡುವವರಿಗೆ ಅಳತೆಗೋಲೇ ತಿರುವುಮುರುವಾಗುತ್ತದೆ. 2025ರ ಮಾರ್ಚ್ ಕೊನೆ, ಏಪ್ರಿಲ್ ಆರಂಭದಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಬುಲ್ಡೋಜರ್‌ಗಳು ಮರ ಉರುಳಿಸಿದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಾಶ ನಿಜವಾದದ್ದು. ಅದರ ಜೊತೆಗೇ ಬುಲ್ಡೋಜರ್ ಮುಂದೆ ಓಡುವ ಜಿಂಕೆ, ನವಿಲುಗಳ ಎಐ ಚಿತ್ರಗಳು ಹರಿದಾಡಿದವು. ಆಗತಾನೆ ಚಾಟ್‌ಜಿಪಿಟಿಯಿಂದ ಹಬ್ಬಿದ್ದ, ಜಪಾನಿನ ಘಿಬ್ಲಿ ಕಾರ್ಟೂನ್ ಶೈಲಿಯ ಚಿತ್ರವೂ ಬಂತು. ಅದನ್ನು ಹಂಚಿಕೊಂಡ ಹಿರಿಯ ಐಎಎಸ್ ಅಧಿಕಾರಿಯೊಬ್ಬರಿಗೆ ಪೊಲೀಸರ ನೋಟಿಸ್ ಹೋಯಿತು. ಘಿಬ್ಲಿ ಶೈಲಿಯದು ನೋಡಿದೊಡನೆ ಕಲ್ಪನೆ ಎಂದು ಗೊತ್ತಾಗುವಂಥದ್ದು, ಅದಕ್ಕೆ ನೋಟಿಸ್ ಕೊಟ್ಟದ್ದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ಫೋಟೊದಂತೆಯೇ ಇದ್ದ ಜಿಂಕೆಗಳು ಮಾಡಿದ ಹಾನಿ ಬೇರೆ. ಕಡಿದ ಮರಗಳ ಬಗ್ಗೆ ಉತ್ತರಿಸಬೇಕಾದ ಸರ್ಕಾರಕ್ಕೆ ಸುಳ್ಳು ಚಿತ್ರಗಳ ಬಗ್ಗೆ ಮಾತಾಡುವ ಅವಕಾಶ ಸಿಕ್ಕಿತು. ಅಲ್ಲಿ ಹಾನಿಯಾದದ್ದು ಟೂಲ್ ಕಳಪೆಯಾದ್ದರಿಂದಲ್ಲ, ಗುಣಮಟ್ಟ ಹೆಚ್ಚಾದ್ದರಿಂದಲೇ. ಸುದ್ದಿಯ ಪಕ್ಕದಲ್ಲಿ ನಿಲ್ಲುವ ಚಿತ್ರಕ್ಕೆ ತಾನು ಕಲ್ಪನೆಯೆಂದು ಸಾರುವ ಶೈಲಿಯೂ, ಫೈಲಿನೊಳಗೆ ಅದು ಹೇಗೆ ಹುಟ್ಟಿತೆಂಬ ಗುರುತು ಉಳಿಸುವ ವ್ಯವಸ್ಥೆಯೂ ಬೇಕು. ‘ಅತ್ಯಂತ ನೈಜ’ ಎಂಬ ಹಣೆಪಟ್ಟಿ ಅಲ್ಲಿ ಅನರ್ಹತೆ.

ಕನ್ನಡ, ತೆಲುಗಿನವರಿಗೆ ಇರುವ ತೊಂದರೆ ಇಂಗ್ಲಿಷ್ ಹೋಲಿಕೆಗಳಲ್ಲಿ ಸುಳಿಯುವುದೇ ಇಲ್ಲ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಕಡೆಯ ಕಾರ್ಯಕ್ರಮಕ್ಕೆ ಕನ್ನಡ ಪೋಸ್ಟರ್ ಬೇಕೆಂದುಕೊಳ್ಳಿ. ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಮೂಲದವು. ರ, ಲ, ಯ ಮುಂತಾದವುಗಳ ಮೈ ಬಹುಪಾಲು ಒಂದೇ, ಬೇರೆಯಾಗುವುದು ಮುಖ್ಯವಾಗಿ ತಲಕಟ್ಟಿನಲ್ಲಿ. ಮಾದರಿ ಅಕ್ಷರವನ್ನು ಬರೆಯುವುದಿಲ್ಲ, ಅಕ್ಷರದಂತೆ ಕಾಣುವುದನ್ನು ಬಿಡಿಸುತ್ತದೆ. ಹಾಗಾಗಿ ಕನ್ನಡದ ಮೈಗೆ ತೆಲುಗಿನ ತಲಕಟ್ಟು ಕೂರುತ್ತದೆ, ಒತ್ತಕ್ಷರ ಮುಂದಿನ ಅಕ್ಷರದ ಕೆಳಗೆ ಜಾರುತ್ತದೆ. 2025ರ ಕೊನೆಗೆ ಬಂದ ಕೆಲವು ಮಾದರಿಗಳಲ್ಲಿ ಇದು ಸುಧಾರಿಸಿದೆ, ಆದರೂ ಅಚ್ಚಿಗೆ ಕಳಿಸುವಷ್ಟು ನಂಬಿಕೆ ನನಗಿಲ್ಲ. ಇಲ್ಲಿ ಜಾಣ ಆಯ್ಕೆಯೆಂದರೆ ಅಕ್ಷರಕ್ಕೆ ಜಾಗ ಖಾಲಿ ಬಿಡು ಎಂದಾಗ ನಿಜಕ್ಕೂ ಬಿಡುವ ಟೂಲ್. ಅಕ್ಷರ ಕೂರಿಸಲು ಯೂನಿಕೋಡ್ ಫಾಂಟಿದೆ.

ಎರಡು ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು, ಇವೆಲ್ಲ ತಾತ್ಕಾಲಿಕ ಮಿತಿಗಳು, ಮುಂದಿನ ವರ್ಷದ ಮಾದರಿ ಸರಿಮಾಡುತ್ತದೆ, ಆದ್ದರಿಂದ ಸದಾ ಹೊಸದನ್ನೇ ಹಿಡಿಯಿರಿ ಎಂಬುದು. ಕೆಲವು ಮಿತಿಗಳು ಹೋಗುತ್ತವೆ, ಹೋಗುತ್ತಿವೆ. ಆದರೆ ಕೈಲಿರುವ ಕೆಲಸದ ಗಡುವು ಮುಂದಿನ ವರ್ಷದ್ದಲ್ಲ. ಬದಲಾವಣೆ ಅಷ್ಟು ವೇಗದ್ದಾದರೆ ಅದು ಹೇಳಿಕೊಡುವುದು ಹೊಸದಕ್ಕೆ ವರ್ಷದ ಚಂದಾ ಕಟ್ಟುವುದನ್ನಲ್ಲ, ಯಾವುದಕ್ಕೂ ಕಟ್ಟಿಹಾಕಿಕೊಳ್ಳದಿರುವುದನ್ನು. ಹಕ್ಕು, ಗೌಪ್ಯ, ಒಪ್ಪಿಗೆಗಳಂತೂ ಮಾದರಿಯ ಸುಧಾರಣೆಯಿಂದ ಬಗೆಹರಿಯುವಂಥವೇ ಅಲ್ಲ. ಎರಡನೆಯದು ಹೆಚ್ಚು ಗಟ್ಟಿ: ದೊಡ್ಡ ಸ್ಟುಡಿಯೊಗಳ ಚಿಂತೆಯನ್ನು ಸಣ್ಣವರ ತಲೆಗೆ ಕಟ್ಟುತ್ತಿದ್ದೀರಿ, ಸಂಜೆಯೊಳಗೆ ಬೇಕಾದ ಯೂಟ್ಯೂಬ್ ಥಂಬ್‌ನೇಲಿಗೆ ಇಎಕ್ಸ್‌ಆರ್ ಯಾಕೆ, ವಕೀಲರು ಯಾಕೆ? ಇದನ್ನು ಒಪ್ಪುತ್ತೇನೆ. ಸ್ಟೋರಿಬೋರ್ಡ್, ನಿರ್ಮಾಪಕರಿಗೆ ಕಥೆ ಹೇಳುವಾಗಿನ ಮಾದರಿ ಚಿತ್ರ, ಒಂದು ದಿನ ಬಾಳುವ ಪೋಸ್ಟರು, ಇವಕ್ಕೆ ಮೊದಲ ಚಿತ್ರದ ಪರೀಕ್ಷೆಯೇ ಸರಿಯಾದ ಪರೀಕ್ಷೆ. ಆದರೆ ತಂಡವಿರುವಲ್ಲಿ ಟೂಲ್ ಕೈಕೊಟ್ಟರೆ ಪೇಂಟ್ ಮಾಡಿ ಮುಚ್ಚಲು ಹತ್ತು ಜನರಿರುತ್ತಾರೆ, ಒಂಟಿ ಕಲಾವಿದರಿಗೆ ಆ ಆಸರೆಯೂ ಇಲ್ಲ. ಪುಸ್ತಕದ ಮುಖಪುಟವೋ, ಅಂಗಡಿಯ ಗುರುತುಚಿತ್ರವೋ ಆದ ದಿನ ತಿದ್ದಲಾಗದ ಚಿತ್ರದ ಭಾರ ಹೆಚ್ಚು ಬೀಳುವುದು ಅವರ ಮೇಲೆಯೇ.

ತಿದ್ದುಪಡಿಯ ಪರೀಕ್ಷೆ ಮಾಡಲು ಈ ಒಂಟಿ ಕಲಾವಿದರಿಗೆ ಬೇಕಾದದ್ದು ಅವರ ಬಳಿ ಆಗಲೇ ಇದೆ. ಮುಗಿದುಹೋದ ಒಂದು ಹಳೆಯ ಕೆಲಸವನ್ನೂ, ಆಗ ಕ್ಲೈಂಟ್ ವಾಟ್ಸಾಪಿನಲ್ಲಿ ಕಳಿಸಿದ ಕರೆಕ್ಷನ್‌ಗಳ ಸರಣಿಯನ್ನೂ ತೆಗೆದು, ಅದೇ ಕ್ರಮದಲ್ಲಿ ಹೊಸ ಟೂಲಿಗೆ ಒಂದೊಂದಾಗಿ ಹೇಳುತ್ತಾ ಹೋಗುವುದು, ಎಷ್ಟನೆಯದಕ್ಕೆ ಚಿತ್ರ ಕೈತಪ್ಪಿತು ಎಂದು ಬರೆದಿಟ್ಟುಕೊಳ್ಳುವುದು. ಕ್ಲೈಂಟ್ ಗುಟ್ಟಾಗಿಡಲು ಹೇಳಿದ ಕೆಲಸವಾಗಿದ್ದರೆ ಬೇರೆ ಒಂದನ್ನು ಆರಿಸಿಕೊಳ್ಳಬೇಕು. ಎಷ್ಟನೆಯ ತಿದ್ದುಪಡಿಗೆ ಚಿತ್ರ ಕೈತಪ್ಪುತ್ತದೆ ಎಂಬ ಸಂಖ್ಯೆ ಗೊತ್ತಿದ್ದರೆ ದರ ಮಾತಾಡುವುದೂ ಸುಲಭ. ‘ಎಐ ಅಲ್ಲವೇ, ಒಂದು ನಿಮಿಷದ ಕೆಲಸ’ ಎಂದು ಚೌಕಾಸಿಗಿಳಿಯುವ ಕ್ಲೈಂಟಿಗೆ ಮೊದಲ ಚಿತ್ರವನ್ನು ಅವರು ಕೇಳಿದ ದರಕ್ಕೇ ಕೊಡಬಹುದು, ಎರಡು ಸುತ್ತಿನ ಆಚೆಗಿನ ಪ್ರತಿ ತಿದ್ದುಪಡಿಗೂ ಬೇರೆ ದರವೆಂದು ಕರಾರಿನಲ್ಲೇ ಬರೆಸಿಕೊಂಡು.